ಟರ್ಬೊ ಬದಲಿಸದೆ ಡಸ್ಟರ್‌ನ ಎಳೆತ ಮರಳಿಸಿದ ಬಗೆ

ಘಾಟ್ ಏರುವಾಗ ಎಳೆತ ಬಿಡುವ 110 ಪಿಎಸ್ ರೆನೋ ಡಸ್ಟರ್ ಡೀಸೆಲ್ ಕಾರಿಗೆ ಹೊಸ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಒಂದೇ ಮದ್ದು ಎಂದು ಬೆಳಗಾವಿಯ ಉದ್ಯಮಬಾಗದ ಗೆಳೆಯರು ಒಕ್ಕೊರಲಿನಿಂದ ಹೇಳಿದ್ದರು. ನನ್ನ ಆಲ್‌ವೀಲ್ ಡ್ರೈವ್ ಗಾಡಿಗೆ ಹಳೆಯ ಟರ್ಬೊವನ್ನೇ ತೊಳೆದು ಕೂರಿಸಿ ಈಗ 30 ಸಾವಿರ ಕಿಲೋಮೀಟರ್ ದಾಟಿದೆ.

ಲಕ್ಷಣ ಹೀಗಿತ್ತು. ವಂಟಮೂರಿ ಘಾಟ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಟರ್ಬೊ ಒತ್ತಡ ಮಿತಿ ಮೀರಿದೆ ಎಂಬ ಓವರ್‌ಬೂಸ್ಟ್ ಕೋಡ್ ಬಿದ್ದು, ಎಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುವ ಲಿಂಪ್ ಮೋಡ್. ಬದಿಗೆ ನಿಲ್ಲಿಸಿ ಕೀ ತೆಗೆದು ಹಾಕಿದರೆ ಮತ್ತೆ ಸರಿ. ಹೊಸ ಟರ್ಬೊಗೆ ಕೂಲಿ ಸೇರಿ 60 ಸಾವಿರದ ಮೇಲೆ ಕೇಳಿದರು. ಅಷ್ಟರಲ್ಲಾಗಲೇ ಟರ್ಬೊ ಒತ್ತಡ ನಿಯಂತ್ರಿಸುವ ಬೂಸ್ಟ್ ಸೊಲೆನಾಯ್ಡ್, ವ್ಯಾಕ್ಯೂಮ್ ಪೈಪು, ಡೀಸೆಲ್‌ಗೆ ಬೆರೆಸುವ ಕ್ಲೀನರ್ ಎಂದು ಏಳೆಂಟು ಸಾವಿರ ಕರಗಿತ್ತು. ಸೊಲೆನಾಯ್ಡ್ ಹಾಕಿದ ಮೇಲೆ ಕೆಲವು ದಿನ ನೆಮ್ಮದಿ ಸಿಕ್ಕಿತು, ಅಷ್ಟೆ.

ಆದರೂ ನಾನು ಪಟ್ಟು ಬಿಡಲಿಲ್ಲ, ಏಕೆಂದರೆ ಟರ್ಬೊದ ಶಾಫ್ಟ್‌ನಲ್ಲಿ ಆಟವಿರಲಿಲ್ಲ, ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್‌ನ ಹೋಸಿನಲ್ಲಿ ತೆಳುವಾದ ಎಣ್ಣೆಪಸೆಯ ಹೊರತು ಏನೂ ಇರಲಿಲ್ಲ. ಕೈ ವ್ಯಾಕ್ಯೂಮ್ ಪಂಪ್ ಹಚ್ಚಿದಾಗ ಟರ್ಬೊದೊಳಗಿನ ಪುಟ್ಟ ರೆಕ್ಕೆಗಳನ್ನು (ವೇನ್) ಆಡಿಸುವ ಆಕ್ಚುಯೇಟರ್ ರಾಡ್ ಅರ್ಧ ದಾರಿ ಬಂದು ನಿಲ್ಲುತ್ತಿತ್ತು, ವ್ಯಾಕ್ಯೂಮ್ ಇನ್ನಷ್ಟು ಏರಿದ ಮೇಲೆ ಟಕ್ಕೆಂದು ಜಿಗಿಯುತ್ತಿತ್ತು, ಬಿಟ್ಟಾಗಲೂ ಅದೇ ಜಾಗದಲ್ಲಿ ತಡೆಯುತ್ತಿತ್ತು. ಬೇರಿಂಗ್ ಸುಸ್ಥಿತಿಯಲ್ಲಿದೆ, ಮಸಿ ಕಟ್ಟಿ ಸಿಕ್ಕಿಕೊಂಡಿರುವುದು ವೇನ್‌ಗಳು ಮಾತ್ರ ಎಂಬುದು ಅಲ್ಲಿಗೇ ಖಚಿತವಾಯಿತು. ಮಸಿ ಕಟ್ಟಲು ಕಾರಣವೂ ಇತ್ತು: ಹಿಂದಿನ ಮಾಲೀಕರು ಈ ಗಾಡಿಯನ್ನು ಊರೊಳಗೆ, 2000 ಆರ್‌ಪಿಎಂ ದಾಟಿಸದೆ ಓಡಿಸಿದವರು.

ಟರ್ಬೊದ ಬಿಸಿ ಹೊಗೆ ಹಾಯುವ ಬದಿಯ ಬೋಲ್ಟ್‌ಗಳು ತುಕ್ಕು ಹಿಡಿದು ಕೂತಿದ್ದವು. ಕಾಯಿಸಿ, ಎಣ್ಣೆ ಬಿಟ್ಟು, ತಾಳ್ಮೆಯಿಂದ ಬಿಚ್ಚಬೇಕಾಯಿತು. ಹೌಸಿಂಗ್ ಬೇರ್ಪಡಿಸುವ ಮುನ್ನ ಗುರುತು ಹಾಕಿಕೊಳ್ಳಿ. ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿದರೂ, ಡಬ್ಬಿಗಟ್ಟಲೆ ಕಾರ್ಬ್ ಕ್ಲೀನರ್ ಹೊಡೆದರೂ ವೇನ್ ಪಿನ್‌ಗಳ ಬುಡದ ಗಟ್ಟಿ ಮಸಿ ಬಿಡಲಿಲ್ಲ. ಬಿಡಿಸಿದ್ದು ಬಿಸಿ ಕ್ಷಾರದ ದ್ರಾವಣ. ಅದರ ಪ್ರಮಾಣವನ್ನೂ ನೆನೆಸುವ ಹೊತ್ತನ್ನೂ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಅಲ್ಯೂಮಿನಿಯಂ ಭಾಗವನ್ನು ಮಾತ್ರ ಅದರಲ್ಲಿ ಅದ್ದಬೇಡಿ, ತಿಂದುಹಾಕುತ್ತದೆ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ ಮರಳು ಪಿನ್‌ಗಳ ಸಂದಿನಲ್ಲಿ ಉಳಿದು ಮತ್ತೆ ಕಚ್ಚಿಕೊಳ್ಳುತ್ತದೆ. ವೇನ್‌ಗಳ ಚಲನೆಯ ಮಿತಿ ಕಟ್ಟುವ ಸ್ಟಾಪ್ ಸ್ಕ್ರೂ ಮುಟ್ಟಲೇಬೇಡಿ.

ಮರುಜೋಡಣೆಯಲ್ಲಿ ಹೊಸ ಆಯಿಲ್ ಪೈಪು, ಹೊಸ ತಾಮ್ರದ ವಾಷರ್ ಹಾಕಿದೆ. ಟರ್ಬೊದ ಬಾಯಿಗೆ ಎಣ್ಣೆ ತುಂಬಿ, ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಬರೀ ಸ್ಟಾರ್ಟರ್ ತಿರುಗಿಸಿ ಎಣ್ಣೆ ಏರಿಸಿದ ಮೇಲೆಯೇ ಎಂಜಿನ್ ಚಾಲೂ ಮಾಡಿದ್ದು. ಗ್ಯಾಸ್ಕೆಟ್, ಎಂಜಿನ್ ಆಯಿಲ್, ಫಿಲ್ಟರ್ ಸೇರಿ ಖರ್ಚು 9 ಸಾವಿರದ ಆಸುಪಾಸು; ದುಡಿಮೆ ನನ್ನದೇ. ಈಗ ರಾಡ್ ಬೆಣ್ಣೆಯಂತೆ ಸರಿಯುತ್ತದೆ. 13 ಕೊಡುತ್ತಿದ್ದ ಮೈಲೇಜ್ 16ರ ಹತ್ತಿರ ಬಂದಿದೆ, ವಂಟಮೂರಿಯಲ್ಲಿ ಕೋಡ್ ಮತ್ತೆ ಬಿದ್ದಿಲ್ಲ.

ಇದೇ ಭರದಲ್ಲಿ ಹೊಗೆಯ ಒಂದು ಪಾಲನ್ನು ಎಂಜಿನ್‌ಗೇ ಮರಳಿ ಬಿಡುವ ಇಜಿಆರ್ ವಾಲ್ವ್ ಕೂಡ ತೊಳೆದೆ. ಬೆಳಗಿನ ಐಡಲ್ ನಯವಾಯಿತು, ಪಿಕಪ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಉಪಯೋಗಕ್ಕೆ ಬಂದದ್ದು ಟೈರ್‌ಗಳ ಪರೀಕ್ಷೆ. ಹಿಂದೆ ಹೊಸ ಜೋಡಿ, ಮುಂದೆ ಸವೆದ ಜೋಡಿ ಇತ್ತು. ಟೈರ್ ಮೇಲಿನ ಗೀರುಗಳ ಆಳದಲ್ಲಿ 4 ಮಿಲಿಮೀಟರ್ ವ್ಯತ್ಯಾಸವೆಂದರೆ ಸುತ್ತಳತೆಯಲ್ಲಿ ಸುಮಾರು 25 ಮಿಲಿಮೀಟರ್. ಆಲ್‌ವೀಲ್ ಡ್ರೈವ್‌ನ ಆಟೋ ಮೋಡ್‌ನಲ್ಲಿ ಹಿಂಚಕ್ರಗಳಿಗೆ ಶಕ್ತಿ ಕೊಡುವ ಕಪ್ಲಿಂಗ್ ಆ ಅಂತರವನ್ನು ಹೆದ್ದಾರಿಯುದ್ದಕ್ಕೂ ಜಾರಿಸಿ ಜಾರಿಸಿ ವೃಥಾ ಬಿಸಿಯಾಗುತ್ತದೆ. ನಾಲ್ಕೂ ಒಂದೇ ಅಳತೆಗೆ ತಂದ ಮೇಲೆ ನಿಧಾನದ ತಿರುವಿನಲ್ಲಿ ಬರುತ್ತಿದ್ದ ಬಿಗಿತ ಹೋಯಿತು. ಮಳೆ ಬಿದ್ದ ಮರುದಿನ ಬೈಲಹೊಂಗಲ ಕಡೆಯ ಎರೆಹೊಲದಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಲಾಕ್ ಮೋಡ್ ಹಾಕಿ ನೋಡಿದೆ. ಮೊದಲ ಗೇರ್ ತೀರಾ ಗಿಡ್ಡ, 1000 ಆರ್‌ಪಿಎಂಗೆ ಗಂಟೆಗೆ 6 ಕಿಲೋಮೀಟರ್‌ಗೂ ಕಡಿಮೆ ವೇಗ. ಹಾಗಾಗಿ ಕ್ಲಚ್ ಸುಡದೆ ಕೆಸರಿನಿಂದ ಹೊರಬಂದಿತು.

ವಾರಕ್ಕೊಮ್ಮೆಯಾದರೂ ಮೂರನೇ ಗೇರ್‌ನಲ್ಲಿ 3000 ಆರ್‌ಪಿಎಂ ಮೇಲೆ ಎಳೆಸುತ್ತೇನೆ, ವೇನ್‌ಗಳು ಪೂರ್ತಿ ಆಡಲಿ ಎಂದು. ಆಯಿಲ್ ಅನ್ನು 7-8 ಸಾವಿರ ಕಿಲೋಮೀಟರ್‌ಗೇ ಬದಲಿಸುತ್ತೇನೆ. ಶಾಫ್ಟ್ ಆಡುತ್ತಿದ್ದರೆ ಅಥವಾ ಹೋಸಿನಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಈ ತೊಳೆತ ನಿಷ್ಪ್ರಯೋಜಕ, ಆಗ ಕಾರ್ಟ್ರಿಜ್‌ಗೆ (ಶಾಫ್ಟ್, ಬೇರಿಂಗ್ ಇರುವ ಟರ್ಬೊದ ನಡುಭಾಗ) ದುಡ್ಡು ಹೊಂದಿಸಿಕೊಳ್ಳಿ.