ಮಧ್ಯಾಹ್ನ ಎರಡರೊಳಗೆ ತಾರಸಿ ಖಾಲಿಯಾಗಲಿ

ಈಗಿನ ಮಕ್ಕಳಿಗೆ ಹವಾಮಾನ ಅಂದರೆ ಮೊಬೈಲಿನ ಪುಟಾಣಿ ಚಿತ್ರ. ಮೋಡ ಕಂಡರೆ ‘ಈ ವಾರ ಏನೂ ಒಣಗಿಸೋದು ಬೇಡ ಅತ್ತೆ’ ಅನ್ನುತ್ತಾರೆ. ಬರೀ ಸೂರ್ಯ ಕಂಡರೆ ತಾರಸಿ ತುಂಬ ಸಂಡಿಗೆ ಹರವಿ ಆಫೀಸಿಗೆ ನಡೆದುಬಿಡುತ್ತಾರೆ. ಸಂಜೆ ನಾಲ್ಕಕ್ಕೆ ಗಾಳಿ ಎದ್ದರೆ ಅರ್ಧ ಸಂಡಿಗೆ ಪಕ್ಕದ ಮನೆಯವರ ಕಾರಿನ ಮೇಲೆ, ಇನ್ನರ್ಧ ನೀರಿನಲ್ಲಿ. ಆಮೇಲೆ ನನಗೆ ಫೋನು. ಚಿತ್ರ ನೋಡಿದರೆ ಸಾಲದು, ಕೆಳಗೆ ಬರೆದಿರುವುದನ್ನೂ ಓದಬೇಕು.

ನಮ್ಮ ಬೇಸಿಗೆಗೆ ಒಂದು ನಡೆ ಇದೆ. ಮಾರ್ಚ್ ಪೂರ್ತಿ, ಏಪ್ರಿಲ್ ಅರ್ಧದವರೆಗೆ ಒಣ ಬಿಸಿಲು. ಮಳೆ ನಕ್ಷತ್ರದ ಲೆಕ್ಕದಲ್ಲಿ ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಮಳೆ ಹುಟ್ಟುತ್ತದೆ, ತಿಂಗಳ ಕೊನೆಗೆ ಭರಣಿ, ಮೇ ನಡುವಿಗೆ ಕೃತ್ತಿಕೆ. ಬಿಸಿಲು ಹೆಚ್ಚಿದಷ್ಟೂ ಸಂಜೆಯ ಮಳೆ ಜೋರು. ನೆಲ ಕಾದು ಗಾಳಿ ಮೇಲಕ್ಕೆ ಏರುತ್ತದೆ, ಸಮುದ್ರದ ಕಡೆಯಿಂದ ಬಂದ ತೇವ ಅದಕ್ಕೆ ಸೇರಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಮುಟ್ಟಿತ್ತು, ಇನ್ನು ಮಳೆಯೇ ಇಲ್ಲ ಅಂತ ಎಲ್ಲರೂ ಬಾಯಿ ಬಡಿದುಕೊಂಡರು. ಮೇ ಮೊದಲ ವಾರದಲ್ಲೇ ಗುಡುಗು ಮಳೆ ಸುರಿಯಿತು. ಭರಣಿ ತನ್ನ ಹೊತ್ತಿಗೆ ಬಂದಿತ್ತು, ಅಷ್ಟೇ.

ಹವಾಮಾನ ಇಲಾಖೆಯವರು ಫೆಬ್ರವರಿ ಕೊನೆಗೆ ಮೂರು ತಿಂಗಳ ಬೇಸಿಗೆ ಹೇಗಿರುತ್ತದೆ ಅಂತ ಹೇಳುತ್ತಾರೆ. ಅದು ಮೆಣಸಿನಪುಡಿ, ಹಪ್ಪಳ ಯಾವಾಗ ಮಾಡಿ ಮುಗಿಸಬೇಕು ಅಂತ ಅಂದಾಜು ಹಾಕಲು ಸಾಕು. ದಿನದ ಕೆಲಸಕ್ಕೆ ದಿನದ ಮುನ್ಸೂಚನೆಯೇ ಬೇಕು. ಮೊದಲು ನಿಮ್ಮ ಊರು ಯಾವುದರಲ್ಲಿ ಬರುತ್ತದೆ ನೋಡಿ: ಕರಾವಳಿಯೋ, ಉತ್ತರ ಒಳನಾಡೋ, ದಕ್ಷಿಣ ಒಳನಾಡೋ. ‘ಕರ್ನಾಟಕದಲ್ಲಿ ಮಳೆ’ ಅಂತ ಕೇಳಿ ರಾಯಚೂರಿನಲ್ಲಿ ಹಪ್ಪಳ ಎತ್ತಿಡುವವರನ್ನು ಕಂಡಿದ್ದೇನೆ. ಆಮೇಲೆ ‘ಒಂದೆರಡು ಕಡೆ’ ಅಂದರೆ ಆ ಭಾಗದ ಕಾಲು ಪಾಲು ಜಾಗಕ್ಕಿಂತ ಜಾಸ್ತಿ ಕಡೆ ಬೀಳುವುದಿಲ್ಲ ಅಂತ ಲೆಕ್ಕ. ಧೈರ್ಯವಾಗಿ ಹರವಿ, ಕಣ್ಣು ಮಾತ್ರ ಮೇಲಿರಲಿ. ‘ಹಲವು ಕಡೆ’ ಅಂದರೆ ಅರ್ಧಕ್ಕಿಂತ ಜಾಸ್ತಿ. ಅವತ್ತು ಹಿಟ್ಟು ಕಲಸಲೇಬೇಡಿ. ಮೂರು ಗಂಟೆ ಮಟ್ಟಿಗೆ ಕೊಡುವ ಎಚ್ಚರಿಕೆಯೂ ಬರುತ್ತದಲ್ಲ, ಅದು ಬಂದಾಗ ಮೀಟಿಂಗ್ ಇದೆ ಅಂತ ಕೂರಬೇಡಿ, ಎದ್ದು ಹೋಗಿ ತನ್ನಿ.

ನನ್ನ ಮಾವನವರು ಪ್ರದೇಶ ಸಮಾಚಾರ ಕೇಳಿ ರೇಡಿಯೋ ಆರಿಸಿದ ಮೇಲೆ ಅಂಗಳಕ್ಕೆ ಇಳಿದು ಒಂದು ಸುತ್ತು ಆಕಾಶ ನೋಡುತ್ತಿದ್ದರು. ರೇಡಿಯೋದವರನ್ನು ನಂಬುತ್ತಿರಲಿಲ್ಲ ಅಂತಲ್ಲ. ಅವರು ಜಿಲ್ಲೆಗೆ ಹೇಳುತ್ತಾರೆ, ಅಂಗಳದ ಲೆಕ್ಕ ನಮ್ಮದು. ಹನ್ನೊಂದಕ್ಕೇ ಮೈ ಅಂಟಂಟು, ಎಲೆ ಅಲ್ಲಾಡದ ಉಬ್ಬೆ, ದೂರದಲ್ಲಿ ಹೂಕೋಸಿನ ಹಾಗೆ ಮೇಲಕ್ಕೆ ಬೆಳೆಯುತ್ತಿರುವ ಮೋಡ. ಇಷ್ಟು ಕಂಡರೆ ಸಂಜೆ ಬರುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಡ.

ಸಂಡಿಗೆ, ಹಪ್ಪಳಕ್ಕೆ ಒಣ ಬಿಸಿಲೇ ಬೇಕು. ಯುಗಾದಿ ಆಸುಪಾಸು ಮುಗಿಸಿ. ಹೇಗೆ ಅಂತ ನಾನು ಹೇಳಬೇಕಾಗಿಲ್ಲ, ನಿಮ್ಮಮ್ಮ ಹೇಳಿಕೊಟ್ಟಿರುತ್ತಾರೆ. ಆದರೆ ಬೆಳಿಗ್ಗೆ ಬಿಸಿಲು, ಸಂಜೆ ಗುಡುಗು ಅನ್ನುವ ವಾರ ಇದೆಯಲ್ಲ, ಎಲ್ಲರೂ ಕೈಚೆಲ್ಲಿ ಕೂರುವ ವಾರ, ಅದು ಬಾಳಕದ ಮೆಣಸಿನಕಾಯಿಗೆ ಹೇಳಿ ಮಾಡಿಸಿದ್ದು. ಅದನ್ನು ಹೇಗಿದ್ದರೂ ಮಧ್ಯಾಹ್ನವೇ ಒಳಗೆ ತಂದು ಮಜ್ಜಿಗೆಗೆ ಹಾಕಲೇಬೇಕು. ಮಳೆ ಬಂದರೆ ನಿಮ್ಮ ಗಂಟೇನು ಹೋಯಿತು?

ಮೆಣಸಿನಕಾಯಿ ತಿಳಿ ಹಸಿರಿನದು, ಸ್ವಲ್ಪ ದಪ್ಪ, ಖಾರ ಕಮ್ಮಿ ಇರುವಂಥದ್ದು ತನ್ನಿ. ತೊಳೆದು ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ. ಹೌದು, ಒಂದೊಂದನ್ನೇ. ಬುಟ್ಟಿಯಲ್ಲಿ ಕುಲುಕಿ ‘ಆಯ್ತು’ ಅನ್ನಬೇಡಿ, ತೊಟ್ಟಿನ ಬುಡದಲ್ಲಿ ನೀರು ನಿಂತೇ ಇರುತ್ತದೆ, ಬೂಜು ಹತ್ತುವುದು ಅಲ್ಲಿಂದಲೇ. ತೊಟ್ಟು ಕೀಳಬಾರದು. ಹೊಟ್ಟೆಯ ಕಡೆ ಒಂದೇ ಸೀಳು, ತುದಿ ಮುಟ್ಟಬಾರದು. ತುದಿವರೆಗೆ ಸೀಳಿದರೆ ಕರಿಯುವಾಗ ಬೀಜವೆಲ್ಲ ಎಣ್ಣೆಗೆ. ಮೊಸರು ಗಟ್ಟಿ ಇರಲಿ, ಎರಡು ದಿನ ಹೊರಗಿಟ್ಟು ಚೆನ್ನಾಗಿ ಹುಳಿ ಬಂದಿರಲಿ. ಕಡೆದು, ಬಾಯಿಗಿಟ್ಟರೆ ಮುಖ ಕಿವುಚುವಷ್ಟು ಉಪ್ಪು ಹಾಕಿ. ಮೆಂತ್ಯ ಹುರಿದು ಪುಡಿ ಮಾಡಿ ಒಂದು ಚಿಟಿಕೆ, ಇಂಗು ಇನ್ನೊಂದು ಚಿಟಿಕೆ. ಕಾಯಿ ಮುಳುಗಬೇಕು, ತೇಲಿದರೆ ಮೇಲೊಂದು ತಟ್ಟೆ ಇಡಿ. ಪಾತ್ರೆ ಪಿಂಗಾಣಿಯದೋ ಸ್ಟೀಲಿನದೋ ಇರಲಿ. ಅಲ್ಯೂಮಿನಿಯಂ ಬೇಡ, ಹುಳಿಗೆ ಆಗುವುದಿಲ್ಲ.

ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಕಾಯಿ ಎತ್ತಿ, ಅದೇ ಪಾತ್ರೆಯ ಮೇಲೆ ಹಿಡಿದು ಸೋರಲು ಬಿಟ್ಟು, ತಟ್ಟೆಗಳಲ್ಲಿ ಒಂದಕ್ಕೊಂದು ತಾಗದ ಹಾಗೆ ಹರವಿ. ಉಳಿದ ಮಜ್ಜಿಗೆಗೆ ತೆಳು ಬಟ್ಟೆ ಕಟ್ಟಿ ಅದನ್ನೂ ಬಿಸಿಲಿಗಿಡಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಮೂರನೇ ದಿನ ವಾಸನೆ ಬಂತು ಅಂತ ಮೂಗು ಮುರಿಯುತ್ತಾರೆ. ಟಿವಿಯಲ್ಲಿ ಹೇಳುವ 37, 38 ಡಿಗ್ರಿ ನೆರಳಿನಲ್ಲಿ ಅಳೆದದ್ದು. ನಿಮ್ಮ ತಾರಸಿಯ ಸಿಮೆಂಟು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಎಂಟರಿಂದ ಎರಡರ ಬಿಸಿಲೇ ಧಾರಾಳ.

ಈಗ ಗುಟ್ಟು. ಎರಡು ಗಂಟೆಗೆ ಕಾಯಿ ಮುಟ್ಟಿದರೆ ಸುಡುತ್ತಿರುತ್ತದಲ್ಲ, ಆ ಬಿಸಿಯಲ್ಲೇ ಮಜ್ಜಿಗೆಗೆ ಸುರಿಯಬೇಕು. ತಣ್ಣಗಾಗಲಿ, ಕಾಫಿ ಕುಡಿದು ಹಾಕೋಣ ಅಂದರೆ ಕೆಟ್ಟಿತು. ಬಿಸಿ ಕಾಯಿ ತಣ್ಣನೆ ಮಜ್ಜಿಗೆಗೆ ಬಿದ್ದು ಆರುತ್ತಾ ಅದನ್ನು ಸೀಳಿನ ಒಳಕ್ಕೆ ಎಳೆದುಕೊಳ್ಳುತ್ತದೆ. ಹೌದು, ಅದಕ್ಕೇ ಮಜ್ಜಿಗೆಯ ಪಾತ್ರೆಯನ್ನು ಹನ್ನೆರಡಕ್ಕೇ ಒಳಗೆ ತಂದು ತಣ್ಣನೆ ಮೂಲೆಯಲ್ಲಿಡಬೇಕು. ಕಾಯಿ ಕಾದಿರಬೇಕು, ಮಜ್ಜಿಗೆ ಆರಿರಬೇಕು. ನನ್ನ ಅತ್ತೆ ಇದಕ್ಕಾಗಿ ಊಟದ ಮಧ್ಯೆ ಎಂಜಲು ಕೈ ತೊಳೆದು ನಮ್ಮನ್ನು ಎಬ್ಬಿಸುತ್ತಿದ್ದರು. ಆಗ ಬೈದುಕೊಂಡಿದ್ದೆವು. ಓರಗಿತ್ತಿ ಬೇರೆ ಮನೆ ಮಾಡಿದ ಮೇಲೆ ಸಂಜೆ ಆರಕ್ಕೆ ತಣ್ಣನೆ ಕಾಯಿ ಹಾಕಲು ಶುರು ಮಾಡಿದಳು. ಅವಳ ಬಾಳಕದಲ್ಲಿ ಹೊರಗೆ ಉಪ್ಪು, ಒಳಗೆ ಬರೀ ಖಾರ. ಇವತ್ತಿಗೂ ಒಪ್ಪುವುದಿಲ್ಲ.

ಹೀಗೆ ಮೂರು ನಾಲ್ಕು ದಿನ, ಮಜ್ಜಿಗೆ ತಳ ಕಾಣುವವರೆಗೆ. ನಡುವೆ ಒಂದು ದಿನ ಬಿಸಿಲೇ ಬರಲಿಲ್ಲವೋ, ಕಾಯಿ ಮಜ್ಜಿಗೆಯಲ್ಲೇ ಇರಲಿ. ಹಿಡಿ ಉಪ್ಪು ಹೆಚ್ಚಿಗೆ ಹಾಕಿ, ಬೆಳಿಗ್ಗೆ ಸಂಜೆ ಒಣ ಸೌಟಿನಲ್ಲಿ ತಿರುವಿ. ಎರಡನೇ ದಿನವೂ ಮೋಡವಾದರೆ ಪಾತ್ರೆ ಫ್ರಿಜ್ಜಿಗೆ. ಹಸಿ ಕಾಯಿಯನ್ನು ತಟ್ಟೆ ಮೇಲೆ ತಟ್ಟೆ ಪೇರಿಸಿ ಫ್ಯಾನ್ ಕೆಳಗೆ ಇಡುವುದು ಯಾರು ಹೇಳಿಕೊಟ್ಟರೋ ನಾ ಕಾಣೆ.

ಮತ್ತೆ, ಮೇಲೆ ಹೋದಾಗ ತಾರಸಿಯ ನೀರು ಹೋಗುವ ತೂತು ನೋಡಿ. ಬೇಸಿಗೆಯಿಡೀ ಉದುರಿದ ಎಲೆ ಅಲ್ಲೇ ಕೂತಿರುತ್ತದೆ. ಮೊದಲ ಮಳೆಗೆ ನೀರು ನಿಂತು ಗೋಡೆ ತೋಯ್ದ ಮೇಲೆ ಬಣ್ಣದವನನ್ನು ಕರೆಯುತ್ತೀರಿ. ಒಂದು ಕೋಲು ಸಾಕು ಈ ಕೆಲಸಕ್ಕೆ.

ಗುಡುಗು ಕೇಳಿದ ಮೇಲೆ ಮಾತ್ರ ಸಂಡಿಗೆ, ಬಟ್ಟೆ ಅಂತ ತಾರಸಿ ಹತ್ತಬೇಡಿ. ಒದ್ದೆ ಮೈ, ತಂತಿ, ಸುತ್ತ ಬಯಲು. ಮೆಣಸಿನಕಾಯಿ ಹೋದರೆ ಮತ್ತೆ ತರಬಹುದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಬಾಗಿಲು ಹಾಕಿಕೊಂಡು ಕೂತಿರಿ.

ಮಜ್ಜಿಗೆ ಮುಗಿದ ಮೇಲೆ ಕುಲುಕಿದರೆ ಬೀಜ ಗಲಗಲ ಅನ್ನುವವರೆಗೆ ಒಣಗಿಸಿ. ತೊಟ್ಟು ಮುರಿದು ನೋಡಿ, ಬಾಗಿದರೆ ಇನ್ನೊಂದು ಬಿಸಿಲು ಬೇಕು. ಡಬ್ಬಿಗೆ ತುಂಬುವಾಗ ಮಾತ್ರ ಪೂರ್ತಿ ಆರಿರಬೇಕು, ಇಲ್ಲಿ ಬಿಸಿ ನಡೆಯುವುದಿಲ್ಲ. ಮಳೆ ಬಂದ ಸಂಜೆ ಡಬ್ಬಿ ತುಂಬಬೇಡಿ, ಗಾಳಿಯ ತೇವವೂ ಒಳಗೆ ಹೋಗುತ್ತದೆ. ಮಾರನೇ ದಿನ ಬಿಸಿಲು ಏರಿದ ಮೇಲೆ ತುಂಬಿ. ಕರಿಯುವಾಗ ಉರಿ ಸಣ್ಣಗಿರಲಿ, ಕಂದು ಬಣ್ಣ ತಿರುಗಿದ ಕೂಡಲೇ ತೆಗೆಯಿರಿ, ಎಣ್ಣೆಯಿಂದ ಈಚೆ ಬಂದ ಮೇಲೂ ಅದು ಕಪ್ಪಾಗುತ್ತಾ ಹೋಗುತ್ತದೆ.