ತಗ್ಗಿದ ಮರದ ನೆಲಕ್ಕೆ ಆಸರೆ: ಟಾರ್ಚ್ ಮೊದಲು, ಜಾಕ್ ಆಮೇಲೆ

ಮರದ ನೆಲ ನಡುವೆ ತಗ್ಗಿದೆ ಎಂದು ಯಾರಾದರೂ ಕರೆದರೆ ಮೊದಲ ಭೇಟಿಗೆ ನಾನು ಜಾಕ್ ಒಯ್ಯುವುದಿಲ್ಲ. ಟಾರ್ಚ್, ನೂಲು, ಚೂಪಾದ ಸ್ಕ್ರೂಡ್ರೈವರ್ ಸಾಕು. ನೆಲದಡಿಯ ಇಕ್ಕಟ್ಟಿನಲ್ಲಿ ತೆವಳಿ ಪ್ರತಿ ಜಂತೆಯನ್ನೂ ಅದನ್ನು ಹೊತ್ತ ತೊಲೆಯನ್ನೂ ಚುಚ್ಚಿ ನೋಡುತ್ತೇನೆ. ಕೊಳೆತ ಮರದೊಳಕ್ಕೆ ಮೊನೆ ಸಲೀಸಾಗಿ ಇಳಿದುಬಿಡುತ್ತದೆ. ಗೆದ್ದಲಿನ ಮಣ್ಣುಗೂಡು, ಕೊಳವೆ ಹಾಯಿಸಲೆಂದು ಕಚ್ಚು ಕಡಿದ ಜಂತೆ, ಮಣ್ಣಿಗಿಳಿದ ಕಂಬ: ಕಾರಣ ಯಾವುದೆಂದು ತಿಳಿಯದೆ ಎತ್ತಲು ಹೊರಡಬೇಡಿ.

ಬಹಳ ಸಲ ಮೂಲದಲ್ಲಿರುವುದು ನೀರು. ಮರದ ತೇವಾಂಶ ಶೇ. 20ರೊಳಗಿದ್ದರೆ ಕೊಳೆ ಹಿಡಿಯುವುದಿಲ್ಲ. ಸೋರುವ ಕೊಳವೆ ಸರಿಪಡಿಸಿ, ಮಳೆನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿ, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ.

ಹೊಸ ಕಂಬವನ್ನು ಬರಿಮಣ್ಣಿನ ಮೇಲೆ ನಿಲ್ಲಿಸಿದ್ದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಮನೆಯ ಭಾರಕ್ಕೆ ಮತ್ತೆ ಕುಸಿಯುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆದು ಕಾಂಕ್ರೀಟ್ ಪಾದ ಹಾಕಬೇಕು. 60 ಸೆಂ.ಮೀ. ಚೌಕ, 30 ಸೆಂ.ಮೀ. ದಪ್ಪ ಎಂಬುದು ರೂಢಿಯ ಅಳತೆ. ಭಾರ ಹೆಚ್ಚಿದ್ದರೆ, ಮಣ್ಣು ಸಡಿಲವಾಗಿದ್ದರೆ ಎಂಜಿನಿಯರ್ ಹೇಳಿದ ಅಳತೆಯೇ ಸರಿ. ಕಾಂಕ್ರೀಟಿನ ಬಲವನ್ನು ಲೆಕ್ಕ ಹಾಕುವುದು 28ನೆಯ ದಿನಕ್ಕೆ. ಒಂದು ವಾರವಾದರೂ ಅದರ ಮೇಲೆ ಭಾರ ಬೀಳದಿರಲಿ.

ಇನ್ನು ಎತ್ತುವುದು. ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಅಗಲವಾದ ಅಟ್ಟಣೆ ಕಟ್ಟಿ, ಅದರ ಮೇಲೆ ಜಾಕ್ ನೆಟ್ಟಗೆ ನಿಲ್ಲಿಸಿ. ಜಾಕ್ ಮತ್ತು ತೊಲೆಯ ನಡುವೆ ಉಕ್ಕಿನ ತಗಡು ಇರಲಿ, ಇಲ್ಲದಿದ್ದರೆ ಜಾಕಿನ ತಲೆ ಮರದೊಳಗೆ ಹುದುಗುತ್ತದೆ. ದಿನಕ್ಕೆ 3 ಮಿ.ಮೀ.ಗಿಂತ ಹೆಚ್ಚು ಬೇಡವೇ ಬೇಡ. ಹಳೆಯ ಮನೆಗೆ ವಾರಕ್ಕೆ ಅಷ್ಟಾದರೆ ಇನ್ನೂ ಒಳ್ಳೆಯದು. ವರ್ಷಗಟ್ಟಲೆ ಬಾಗಿದ ಮರ ಒಂದೇ ದಿನ ನೆಟ್ಟಗಾಗುವುದಿಲ್ಲ. ಅವಸರಪಟ್ಟರೆ ಮೇಲಿನ ಗಾರೆ ಬಿರಿಯುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ, ಕೊಳವೆಯ ಬೆಸುಗೆಯೂ ಬಿಡಬಹುದು. ಪ್ರತಿ ಸಲ ಎತ್ತಿದ ಮೇಲೆ ಕೋಣೆಗಳನ್ನೆಲ್ಲ ಸುತ್ತಿ ನೋಡಿ. ನೂಲಿಗೆ ಸಮವಾಗಲೇಬೇಕೆಂಬ ಹಟ ಬೇಡ. ಇನ್ನಷ್ಟು ತಗ್ಗದಂತೆ ನಿಂತರೆ ಕೆಲಸ ಗೆದ್ದಂತೆ.

ಹೈಡ್ರಾಲಿಕ್ ಜಾಕಿನ ಒತ್ತಡ ಮೆಲ್ಲನೆ ಇಳಿಯುತ್ತದೆ, ಅದನ್ನು ನಂಬಿ ಬಿಟ್ಟುಬರಬೇಡಿ. ಅದರ ಪಕ್ಕದಲ್ಲೇ ಉಕ್ಕಿನ ಕಂಬ ನಿಲ್ಲಿಸಿ, ಮೇಲೂ ಕೆಳಗೂ ಬೋಲ್ಟ್ ಹಾಕಿ, ಭಾರ ಪೂರ್ತಿ ಕಂಬದ ಮೇಲೆ ಕೂತ ಮೇಲೆಯೇ ಜಾಕ್ ಇಳಿಸಿ. ಮರದ ಕಂಬವಾದರೆ ಕಾಂಕ್ರೀಟಿಗೆ ನೇರ ತಾಗದಂತೆ ನಡುವೆ ತೇವ ತಡೆಯುವ ಹಾಳೆ ಬೇಕು. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಬಲಗುಂದಿದ ಜಂತೆಗೆ ಅದೇ ಎತ್ತರದ ಹೊಸ ಜಂತೆಯನ್ನು ಪಕ್ಕಕ್ಕೆ ಒತ್ತಿ ಬೋಲ್ಟ್ ಮಾಡಿ. ತೊಲೆಯೇ ಸೀಳಿದ್ದರೆ, ಅಥವಾ ಎತ್ತುವಾಗ ಮರ ಲಟಲಟ ಸದ್ದು ಮಾಡಿದರೆ, ತಕ್ಷಣ ಹೊರಗೆ ಬನ್ನಿ. ಎಂಜಿನಿಯರ್ ನೋಡುವವರೆಗೆ ಒಳಗೆ ಹೋಗಬೇಡಿ.