ಹಲ್ಲು ಬರುವ ಮೊದಲೇ ಅಗಿಯುವುದು ಕಲಿಸಿ

ನನ್ನ ಮಗಳಿಗೆ ಒಂದೂವರೆ ವರ್ಷ ಆಗುವವರೆಗೂ ಎಲ್ಲವನ್ನೂ ಮಿಕ್ಸಿಗೆ ಹಾಕಿಯೇ ತಿನ್ನಿಸಿದೆ. ಅನ್ನ-ಬೇಳೆ ಮಿಕ್ಸಿಗೆ, ಬೇಯಿಸಿದ ಸೇಬು ಮಿಕ್ಸಿಗೆ, ಇಡ್ಲಿ ಕೂಡ ಮಿಕ್ಸಿಗೆ. ಹೊಟ್ಟೆ ತುಂಬುತ್ತಿತ್ತು, ತೂಕವೂ ಸರಿ ಇತ್ತು, ಹಾಗಾಗಿ ತಪ್ಪಾಗುತ್ತಿದೆ ಅಂತ ಅನ್ನಿಸಲೇ ಇಲ್ಲ. ಆಮೇಲೆ ಒಂದು ಅಗುಳು ಅನ್ನ ನಾಲಿಗೆಗೆ ತಗುಲಿದರೂ ವಾಂತಿ ಮಾಡಿಕೊಳ್ಳಲು ಶುರು ಮಾಡಿದಳು. ಬಾಯಿ ತುಂಬ ಹಲ್ಲಿದ್ದವು, ಅಗಿಯಲು ಬರುತ್ತಿರಲಿಲ್ಲ. ಅದನ್ನು ಸರಿಮಾಡಲು ನಮಗೆ ಒಂದು ವರ್ಷವೇ ಹಿಡಿಯಿತು. ಪುಣೆಗೆ ಬಂದ ಮೇಲೆ ಮಗ ಹುಟ್ಟಿದ. ಅವನಿಗೆ ಆರು ತಿಂಗಳಿಂದಲೇ ತುಂಡು ಕೈಗೆ ಕೊಟ್ಟು ಕಲಿಸಿದೆ. ಆ ಎರಡೂ ಅನುಭವ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಆಕ್ಷೇಪ ನಮ್ಮ ಅತ್ತೆಯಿಂದಲೇ ಬಂತು. ಧಾರವಾಡದಿಂದ ಬಂದಿದ್ದರು. "ಹಲ್ಲ ಬಂದಿಲ್ಲಲ್ಲವಾ ಕೂಸಿಗೆ, ಏನ್ ಅಗಿತೈತಿ ಅದು?" ಅಂದರು. ನಾನು ವಾದ ಮಾಡಲಿಲ್ಲ. ಕೈ ತೊಳೆದುಕೊಂಡು ನಿಮ್ಮ ಕಿರುಬೆರಳನ್ನು ಅವನ ಒಸಡಿನ ನಡುವೆ ಇಟ್ಟು ನೋಡಿ ಅಂದೆ. ಇಟ್ಟರು, ಎರಡೇ ಸೆಕೆಂಡಿಗೆ ಬೆರಳು ಹಿಂದೆಳೆದುಕೊಂಡರು. ಒಸಡು ಅಷ್ಟು ಗಟ್ಟಿ ಇರುತ್ತದೆ. ಮುಂದಿನ ಹಲ್ಲು ಇರುವುದು ಕಚ್ಚಿ ತುಂಡು ಮಾಡಲು. ಅಗಿಯುವ ದವಡೆ ಹಲ್ಲು ಬರುವುದು ಸಾಮಾನ್ಯವಾಗಿ 13 ರಿಂದ 19 ತಿಂಗಳ ನಡುವೆ. ಅಲ್ಲಿಯವರೆಗೆ ಮೆತ್ತಗಿನದನ್ನೆಲ್ಲ ಮಗು ಒಸಡಿನಿಂದಲೇ ಅರೆಯುತ್ತದೆ. ಹಲ್ಲಿಗೆ ಕಾಯುತ್ತಾ ಕೂತರೆ ಕಲಿಯುವ ಹೊತ್ತು ದಾಟಿಹೋಗುತ್ತದೆ. ಒಂಬತ್ತು-ಹತ್ತು ತಿಂಗಳ ನಂತರವೂ ಬರೀ ನುಣ್ಣಗಿನ ಪೇಸ್ಟ್ ತಿಂದ ಮಕ್ಕಳಿಗೆ ಮುಂದೆ ಊಟದ ತಕರಾರು ಜಾಸ್ತಿ ಇರುತ್ತದೆ.

ಯಾವಾಗ ಶುರು ಮಾಡಬೇಕು? ಆರು ತಿಂಗಳವರೆಗೆ ಎದೆಹಾಲು ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಾನೂ ಅದನ್ನೇ ಪಾಲಿಸಿದೆ. ಆದರೆ ಕ್ಯಾಲೆಂಡರ್ ಒಂದನ್ನೇ ನೋಡಬೇಡಿ, ಮಗುವನ್ನೂ ನೋಡಿ. ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರುತ್ತದಾ? ಕತ್ತು ನಿಲ್ಲುತ್ತದಾ? ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒಯ್ಯುತ್ತದಾ? ಬಾಯಿಗೆ ಇಟ್ಟಿದ್ದನ್ನೆಲ್ಲ ನಾಲಿಗೆಯಿಂದ ಹೊರಗೆ ದಬ್ಬುವುದು ಕಡಿಮೆ ಆಗಿದೆಯಾ? ಇವೆಲ್ಲ ಇದ್ದರೆ ಶುರು ಮಾಡಬಹುದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ, ನುಂಗಲು ಮೊದಲಿಂದಲೂ ಕಷ್ಟಪಡುತ್ತಿದ್ದರೆ, ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಕೂರಿಸುವುದು ಬಹಳ ಮುಖ್ಯ. ಒರಗಿಕೊಂಡು, ಮಲಗಿಕೊಂಡು ತಿನ್ನಿಸಲೇಬಾರದು. ಬೆನ್ನು ನೆಟ್ಟಗಿರಬೇಕು, ಕಾಲು ಜೋತಾಡದೆ ಯಾವುದಾದರೂ ಒಂದರ ಮೇಲೆ ಊರಿರಬೇಕು. ಹೈಚೇರ್ ಇಲ್ಲದಿದ್ದರೆ ನಿಮ್ಮ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ, ಆದರೆ ಮುಖ ಕಾಣುವ ಹಾಗೆ ಇನ್ನೊಬ್ಬರು ಎದುರಿಗೆ ಇರಲಿ. ತಿನ್ನುವಾಗ ನಗಿಸಬೇಡಿ, ಓಡಾಡಿಸಬೇಡಿ, ಅಳುವಾಗ ಬಾಯಿಗೆ ತುರುಕಬೇಡಿ. ಮೊಬೈಲ್ ಬೇಡವೇ ಬೇಡ, ನಿಮ್ಮ ಕೈಯಲ್ಲೂ ಬೇಡ. ರಿಕ್ಷಾದಲ್ಲಿ, ಕಾರಿನಲ್ಲಿ, ಹುಬ್ಬಳ್ಳಿ ಕಡೆ ಹೋಗುವ ರಾತ್ರಿ ರೈಲಿನಲ್ಲಿ ತುಂಡು ಕೊಡಬೇಡಿ. ಅಲ್ಲಿ ಮೆತ್ತಗೆ ಕಲಸಿದ ಅನ್ನವೇ ಸಾಕು.

ಈಗ ಏನು ಕೊಡಬೇಕು ಅನ್ನುವುದು. ಆರು ತಿಂಗಳ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ಮುಷ್ಟಿ ಬಿಚ್ಚಿ ಒಳಗಿನದನ್ನು ತಿನ್ನಲು ಬರುವುದಿಲ್ಲ. ಹಾಗಾಗಿ ತುಂಡು ನಿಮ್ಮ ಬೆರಳಿನಷ್ಟು ಉದ್ದ, ದಪ್ಪ ಇರಬೇಕು, ಅರ್ಧ ಮುಷ್ಟಿಯಿಂದ ಆಚೆ ಕಾಣಬೇಕು. ಚಿಕ್ಕ ತುಂಡು ಸುರಕ್ಷಿತ ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಈ ವಯಸ್ಸಿಗೆ ಅದು ಉಲ್ಟಾ. ಚಿಕ್ಕದು ಸೀದಾ ಗಂಟಲಿಗೆ ಜಾರುತ್ತದೆ. ಉದ್ದದ್ದನ್ನು ಮಗು ಚೀಪಿ, ಕಚ್ಚಿ, ತನಗೆ ಎಷ್ಟು ಬೇಕೋ ಅಷ್ಟನ್ನು ಒಳಗೆ ಎಳೆದುಕೊಳ್ಳುತ್ತದೆ.

ಮೆತ್ತಗಾಗಿದೆಯಾ ಅಂತ ನೋಡಲು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ. ಜಾಸ್ತಿ ಬಲ ಹಾಕದೆ ಪಿಚಕ್ ಅಂತ ಅಪ್ಪಚ್ಚಿ ಆದರೆ ಒಸಡಿಗೂ ಆಗುತ್ತದೆ. ಪ್ರತಿ ಸಲ, ಪ್ರತಿ ತುಂಡನ್ನೂ ಹೀಗೆ ಒತ್ತಿ ನೋಡಿ. ಒಂದೇ ಕುಕ್ಕರಿನಲ್ಲಿ ಬೆಂದ ಗಜ್ಜರಿಯಲ್ಲೂ ತುದಿ ಮೆತ್ತಗಾಗಿ ನಡುವೆ ಗಟ್ಟಿ ಉಳಿದಿರುತ್ತದೆ.

ನಾನು ಶುರು ಮಾಡಿದ್ದು ಗೆಣಸಿನಿಂದ. ಇಲ್ಲಿ ಉಪವಾಸದ ದಿನಗಳಲ್ಲಿ ಮಂಡಿಯಲ್ಲಿ ರತಾಳೆ ಅಂತ ರಾಶಿ ಹಾಕಿರುತ್ತಾರೆ. ಸಿಪ್ಪೆ ತೆಗೆದು, ಉದ್ದಕ್ಕೆ ಸೀಳಿ, ಹಬೆಯಲ್ಲಿ ಬೇಯಿಸಿ. ಮೊದಲ ದಿನ ಮಗ ಅದನ್ನು ಹಿಚುಕಿ ಕೈಗೆಲ್ಲ ಮೆತ್ತಿಕೊಂಡ. ಎರಡನೇ ದಿನ ನೆಕ್ಕಿದ. ನಾಲ್ಕನೇ ದಿನವೋ ಐದನೇ ದಿನವೋ ತುಂಡನ್ನು ಬಾಯಿಯ ಪಕ್ಕಕ್ಕೆ ಒಯ್ದು, ಒಸಡು ಮುಚ್ಚಿ, ಎಳೆದ. ಅವನ ಮೊದಲ ಕಚ್ಚು ಅದು. ಸಿಹಿಗುಂಬಳ, ಬೀನ್ಸ್, ಇಡ್ಲಿಯ ಉದ್ದನೆ ಹೋಳು, ಗಟ್ಟಿಯಾಗಿ ಬೇಯಿಸಿದ ಆಮ್ಲೆಟ್ ಪಟ್ಟಿ, ಹಣ್ಣಾದ ಪಪ್ಪಾಯಿ, ಇವೆಲ್ಲ ಚೆನ್ನ. ಬಾಳೆಹಣ್ಣು ಜಾರುತ್ತದೆ, ಅದರ ಮೇಲೆ ಸ್ವಲ್ಪ ರಾಗಿ ಹಿಟ್ಟು ಹುರಿದು ಉದುರಿಸಿದರೆ ಹಿಡಿತ ಸಿಗುತ್ತದೆ. ಈ ವಯಸ್ಸಿನಿಂದ ಕಬ್ಬಿಣದ ಅಂಶ ಜಾಸ್ತಿ ಬೇಕು. ಅದಕ್ಕೆ ಬೇಳೆ, ಮೊಟ್ಟೆ, ತಿನ್ನುವವರಾದರೆ ಮೆತ್ತಗೆ ಬೇಯಿಸಿದ ಮಾಂಸ ಮರೆಯಬೇಡಿ. ಚಹಾದಲ್ಲಿ ಅದ್ದಿದ ಬಿಸ್ಕತ್ತು ದಯವಿಟ್ಟು ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಲೂಬೇಡಿ, ಉಪ್ಪು-ಸಕ್ಕರೆಯನ್ನೂ ದೂರ ಇಡಿ.

ಕಚ್ಚಲು ಕಲಿಸುವ ಒಂದು ಉಪಾಯ ನನಗೆ ತುಂಬಾ ಕೆಲಸಕ್ಕೆ ಬಂತು. ತುಂಡನ್ನು ನಾಲಿಗೆಯ ನಡುವೆ ಇಡಬೇಡಿ. ನೀವು ಒಂದು ತುದಿ ಹಿಡಿದುಕೊಂಡು, ಇನ್ನೊಂದು ತುದಿಯನ್ನು ಬಾಯಿಯ ಪಕ್ಕಕ್ಕೆ, ಮುಂದೆ ದವಡೆ ಹಲ್ಲು ಬರುವ ಜಾಗದ ಒಸಡಿಗೆ ತಾಗಿಸಿ. ಅಲ್ಲಿ ತಾಗಿದ ಕೂಡಲೇ ಒಸಡು ತಾನಾಗಿ ಮುಚ್ಚಿ ತೆರೆಯಲು ಶುರು ಮಾಡುತ್ತದೆ, ನಾಲಿಗೆಯೂ ಅತ್ತ ತಿರುಗುತ್ತದೆ. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಜೊತೆಗೆ ನೀವೂ ಎದುರಿಗೆ ಕೂತು ಅದನ್ನೇ ತಿನ್ನಿ, ದವಡೆ ಆಡುವುದು ಕಾಣುವ ಹಾಗೆ ನಿಧಾನಕ್ಕೆ ಅಗಿಯಿರಿ. ಮಗು ನಿಮ್ಮ ಬಾಯಿಯನ್ನೇ ನೋಡುತ್ತಿರುತ್ತದೆ.

ಮಾವಿನ ಕಾಲದಲ್ಲಿ ಗೊರಟ ಕೊಡಿ. ಹಾಪುಸಿನ ತಿರುಳನ್ನೆಲ್ಲ ನೀವು ತೆಗೆದು, ಸಡಿಲವಾಗಿ ಜೋತಾಡುವ ಚೂರು ಒಂದೂ ಉಳಿಯದ ಹಾಗೆ ಕೆರೆದು ಕೊಡಿ. ಎರಡೂ ಕೈಯಲ್ಲಿ ಹಿಡಿದು, ರಸ ಮೊಣಕೈಯಿಂದ ಹನಿಯುತ್ತಿದ್ದರೂ ಬಿಡದೆ, ಒಸಡಿನಿಂದ ಕೆರೆಯುತ್ತಾ ಕೂರುತ್ತದೆ. ಅದಕ್ಕಿಂತ ಒಳ್ಳೆಯ ದವಡೆ ಕಸರತ್ತು ನಾನು ಕಂಡಿಲ್ಲ. ನಾರು ಕಿತ್ತು ಬರಲು ಶುರುವಾದ ಕೂಡಲೇ ತೆಗೆದುಕೊಳ್ಳಿ.

ಈಗ ಎಲ್ಲರೂ ಹೆದರುವ ವಿಷಯ. ಓಕರಿಕೆ ಬೇರೆ, ಉಸಿರುಕಟ್ಟುವುದು ಬೇರೆ. ಚಿಕ್ಕ ಮಕ್ಕಳಲ್ಲಿ ಓಕರಿಕೆ ಹುಟ್ಟಿಸುವ ಜಾಗ ನಾಲಿಗೆಯ ಮುಂಭಾಗದ ಕಡೆಗೇ ಇರುತ್ತದೆ, ಬೆಳೆಯುತ್ತಾ ಹಿಂದಕ್ಕೆ ಸರಿಯುತ್ತದೆ. ಅದಕ್ಕೇ ಸ್ವಲ್ಪ ದೊಡ್ಡ ಚೂರು ಹೋದರೂ ಮಗು ಕಣ್ಣಲ್ಲಿ ನೀರು ತಂದುಕೊಂಡು, ಮುಖ ಕೆಂಪು ಮಾಡಿಕೊಂಡು, ನಾಲಿಗೆ ಚಾಚಿ, ಸದ್ದು ಮಾಡುತ್ತಾ ಚೂರನ್ನು ಮುಂದಕ್ಕೆ ತಳ್ಳುತ್ತದೆ. ಅದು ಮಗುವಿನ ಕಾವಲು. ಆಗ ಕಿರುಚಬೇಡಿ, ಬೆರಳು ಹಾಕಬೇಡಿ. ಬೆರಳು ಹಾಕಿದರೆ ಚೂರು ಇನ್ನೂ ಒಳಗೆ ಹೋಗಬಹುದು. ಎದೆ ಡವಡವ ಅಂದರೂ ಮುಖದಲ್ಲಿ ತೋರಿಸದೆ, ಮಗುವನ್ನು ತುಸು ಮುಂದಕ್ಕೆ ಬಾಗಿಸಿ ಕಾಯಿರಿ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ನಿಜವಾಗಿ ಉಸಿರುಕಟ್ಟಿದಾಗ ಹೆಚ್ಚಾಗಿ ಸದ್ದೇ ಇರುವುದಿಲ್ಲ. ಅಳು ಬರುವುದಿಲ್ಲ, ಕೆಮ್ಮು ಬರುವುದಿಲ್ಲ, ತುಟಿ ನೀಲಿಯಾಗುತ್ತದೆ. ಅದಕ್ಕೇ ಎದುರಿಗೇ ಕೂತಿರಿ ಅನ್ನುವುದು. ಒಳಗಿನ ಕೋಣೆಯಲ್ಲಿ ಕಿವಿ ಇಟ್ಟುಕೊಂಡಿದ್ದರೆ ಅದು ಕೇಳಿಸುವುದಿಲ್ಲ.

ಆಗ ಮಾಡಬೇಕಾದದ್ದು ಇದು, ವರ್ಷದೊಳಗಿನ ಮಗುವಿಗೆ. ಮುಂಗೈ ಮೇಲೆ ಬೋರಲಾಗಿ ಮಲಗಿಸಿಕೊಳ್ಳಿ, ತಲೆ ಎದೆಗಿಂತ ಕೆಳಗಿರಲಿ, ದವಡೆಗೆ ಕೈ ಆಸರೆ ಇರಲಿ. ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಗಟ್ಟಿಯಾಗಿ ತಟ್ಟಿ. ಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುಮೂಳೆ ಮೇಲೆ 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಎದೆ, ಚೂರು ಹೊರಬರುವವರೆಗೆ. ಜೊತೆಗಿದ್ದವರು ಅಷ್ಟರಲ್ಲಿ 108 ಅಥವಾ 112ಕ್ಕೆ ಫೋನ್ ಮಾಡಲಿ. ಮಗು ಎಚ್ಚರ ತಪ್ಪಿದರೆ ಕೂಡಲೇ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದು, ಶುರು ಮಾಡಬೇಕು. ಇಷ್ಟು ಚಿಕ್ಕ ಮಗುವಿನ ಹೊಟ್ಟೆ ಒತ್ತಬಾರದು, ಕಾಲು ಹಿಡಿದು ತಲೆಕೆಳಗು ಮಾಡಬಾರದು, ನೀರು ಕುಡಿಸಬಾರದು. ನೆತ್ತಿಗೆ ಹತ್ತಿತು ಅಂತ ನಮ್ಮಲ್ಲಿ ನೆತ್ತಿ ತಟ್ಟುತ್ತಾರೆ, ಅದರಿಂದ ಚೂರು ಹೊರಗೆ ಬರುವುದಿಲ್ಲ. ಇದನ್ನು ಓದಿ ಬಿಡಬೇಡಿ. ಮಗುವಿನ ಡಾಕ್ಟರ ಹತ್ತಿರ ಬೊಂಬೆ ಮೇಲೆ ತೋರಿಸಿ ಅಂತ ಕೇಳಿ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಕಲಿಸಿ, ಕೆಲಸಕ್ಕೆ ಬರುವ ಮಾವಶಿಗೂ.

ಎಂಟು-ಒಂಬತ್ತು ತಿಂಗಳಿಗೆ ಹೆಬ್ಬೆರಳು-ತೋರುಬೆರಳಿನಿಂದ ಹೆಕ್ಕಲು ಶುರು ಮಾಡುತ್ತದೆ. ಆಗ ಕಡಲೆಕಾಳಿನಷ್ಟು ಚಿಕ್ಕ ತುಂಡು ಕೊಡಬಹುದು, ಮೆತ್ತಗಿದ್ದರೆ ಮಾತ್ರ. ಬೇಯಿಸಿ ಚಪ್ಪಟೆ ಮಾಡಿದ ಬಟಾಣಿ, ಪನೀರ್ ಚೂರು, ಬೇಳೆಯಲ್ಲಿ ನೆನೆಸಿದ ಚಪಾತಿ, ಹಾಲಲ್ಲಿ ನೆನೆದ ರೊಟ್ಟಿಯ ಮೆತ್ತಗಿನ ಭಾಗ.

ಕೊಡಲೇಬಾರದ್ದು: ಇಡೀ ಶೇಂಗಾ, ಪುಟಾಣಿ (ಹುರಿಗಡಲೆ), ಚುರುಮುರಿ, ಹಸಿ ಗಜ್ಜರಿ, ಹಸಿ ಸೇಬಿನ ಹೋಳು, ಕೊಬ್ಬರಿ ಚೂರು, ಚಕ್ಕುಲಿ, ಚಿಕ್ಕಿ, ಬೀಜ ಇರುವ ಬೋರೆಹಣ್ಣು. ಶೇಂಗಾ ಪುಡಿಯನ್ನು ಗಂಜಿಯಲ್ಲಿ ಕಲಸಿ ಕೊಡಬಹುದು, ಮೊದಲ ಸಲ ಚೂರೇ ಚೂರು ಕೊಟ್ಟು ಮೈಮೇಲೆ ದದ್ದು ಏಳುತ್ತದಾ ನೋಡಿ. ಇಡೀ ಕಾಳು ಮಾತ್ರ ನಾಲ್ಕೈದು ವರ್ಷದವರೆಗೆ ಬೇಡ. ದ್ರಾಕ್ಷಿಯದ್ದು ವಿಶೇಷವಾಗಿ ಹೇಳಬೇಕು. ನಾಸಿಕ್, ಸಾಂಗಲಿಯ ದ್ರಾಕ್ಷಿ ಬಂದಾಗ ಇಲ್ಲಿ ಮನೆಮನೆಯಲ್ಲೂ ಬುಟ್ಟಿ ತುಂಬ ಇರುತ್ತದೆ. ಇಡೀ ದ್ರಾಕ್ಷಿ ಮಗುವಿನ ಗಂಟಲಿಗೆ ಬಿರಡೆಯ ಹಾಗೆ ಕೂತುಬಿಡುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ, ಅಡ್ಡಕ್ಕೆ ಅಲ್ಲ. ಅಡ್ಡ ಕತ್ತರಿಸಿದರೆ ಅದೇ ದುಂಡನೆ ಆಕಾರ ಉಳಿಯುತ್ತದೆ.

ಸಂಕ್ರಾಂತಿ ಬಂದಾಗ ಎಚ್ಚರ. ನಮ್ಮ ಕಡೆ ಕರಿ ಎರೆಯುತ್ತಾರಲ್ಲ, ಹಾಗೆ ಇಲ್ಲಿ ಬೋರ್‌ನ್ಹಾಣ್ ಅಂತ ಮಾಡುತ್ತಾರೆ. ಮಗುವಿಗೆ ಕಪ್ಪು ಬಟ್ಟೆ ತೊಡಿಸಿ, ಸಕ್ಕರೆ ಕಾಳಿನ ಒಡವೆ ಹಾಕಿ, ತಲೆಯ ಮೇಲಿಂದ ಬೋರೆಹಣ್ಣು, ಚುರುಮುರಿ, ಶೇಂಗಾ, ಕಬ್ಬಿನ ತುಂಡು ಸುರಿಯುತ್ತಾರೆ. ಪಕ್ಕದ ಮನೆ ಕಾಕು ಪ್ರೀತಿಯಿಂದ ಮಾಡಿಸಿದರು. ಚೆಂದದ ಹಬ್ಬ. ನಾನು ಆರತಿ ತಟ್ಟೆ ಕೆಳಗಿಡುವಷ್ಟರಲ್ಲಿ ಹನ್ನೊಂದು ತಿಂಗಳ ನನ್ನ ಮಗನ ತುಟಿಯ ನಡುವೆ ಒಂದು ಶೇಂಗಾಕಾಳು ಇತ್ತು. ಮುಂದೆಯೇ ಕಾಣುತ್ತಿತ್ತು, ತೆಗೆದುಬಿಟ್ಟೆ. ಕೈ ನಡುಗುವುದು ನಿಲ್ಲಲು ಹೊತ್ತು ಹಿಡಿಯಿತು. ನೀವು ಮಾಡಿಸುವುದಾದರೆ ಮಗುವನ್ನು ತೊಡೆ ಮೇಲೆ ಹಿಡಿದುಕೊಳ್ಳಿ, ಕೆಳಗೆ ದೊಡ್ಡ ಚಾದರ ಹಾಸಿ, ಎರೆದ ಕೂಡಲೇ ನಾಲ್ಕು ಮೂಲೆ ಕೂಡಿಸಿ ಎತ್ತಿಬಿಡಿ. ಅಥವಾ ಇಡೀ ಗುಲಾಬಿ ಹೂಗಳನ್ನೇ ಎರೆಯಿರಿ, ಕಾಕುಗೂ ಒಪ್ಪಿಗೆಯಾಗುತ್ತದೆ.

ದಿನಕ್ಕೊಂದು ಸಲ ಸಾಕು ಮೊದಲಿಗೆ. ಅರ್ಧ ನೆಲಕ್ಕೆ ಹೋಗುತ್ತದೆ, ಹಳೆ ಪೇಪರ್ ಹಾಸಿ. ಹೊಟ್ಟೆ ತುಂಬಿಸಲು ಎದೆಹಾಲು, ಚಮಚದ ಊಟ ಇದ್ದೇ ಇದೆ, ಹಾಗಾಗಿ ತುಂಡಿನ ಹೊತ್ತಿನಲ್ಲಿ ಒತ್ತಾಯ ಬೇಡ. ಪ್ರತಿ ಸಲ ನುಂಗುವಾಗಲೂ ಕೆಮ್ಮುತ್ತಿದ್ದರೆ, ತೂಕ ಏರದಿದ್ದರೆ, ಹತ್ತು ತಿಂಗಳಾದರೂ ಯಾವ ತುಂಡನ್ನೂ ಬಾಯಿಗೆ ಸೇರಿಸದಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನೊಂದು. ಊಟ ಮುಗಿದ ಮೇಲೆ ಮಗುವಿನ ಬಾಯಿ ನೋಡದೆ ಮಲಗಿಸಬೇಡಿ. ಒಂದು ಮಧ್ಯಾಹ್ನ ಮಗ ಹೆಗಲ ಮೇಲೆ ನಿದ್ದೆ ಹೋಗುತ್ತಿದ್ದ, ಕೆನ್ನೆ ಒಂದು ಕಡೆ ಉಬ್ಬಿದ ಹಾಗೆ ಕಂಡಿತು. ಊಟ ಆಗಿ ಇಪ್ಪತ್ತು ನಿಮಿಷ ಆಗಿತ್ತು. ಕೆಳತುಟಿ ಮೆಲ್ಲಗೆ ಜಗ್ಗಿ ನೋಡಿದರೆ ಚಪಾತಿಯ ಉಂಡೆ ಕೆನ್ನೆಯಲ್ಲೇ ಕೂತಿತ್ತು. ಅಂಗುಳಿಗೂ ಅಂಟಿಕೊಂಡಿರುತ್ತದೆ. ಅಂದಿನಿಂದ ಊಟ ಆದ ಮೇಲೆ ಅವನ ಎದುರು ನಾನು "ಆ" ಅಂತ ಬಾಯಿ ತೆರೆಯುತ್ತೇನೆ, ಅವನೂ ತೆರೆಯುತ್ತಾನೆ. ಕಂಡದ್ದನ್ನು ತೆಗೆದು, ಎರಡು ಗುಟುಕು ನೀರು ಕುಡಿಸಿ, ಆಮೇಲೆ ತೊಟ್ಟಿಲು.